ಎರಡನೇ ಹನ್ನೊಂದು

ನಮ್ಮೂರಿನ ಗಡಿಯಾರವನ್ನು ವರ್ಷಕ್ಕೊಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗಿಸುವ ಪದ್ಧತಿ ಇರಬೇಕೋ ಬೇಡವೋ ಎಂಬ ವಿಷಯದಲ್ಲಿ ನನ್ನಷ್ಟು ಮಾತಾಡಿದವನು ಊರಲ್ಲಿ ಇನ್ನೊಬ್ಬನಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ. ಮಾತಾಡಿ ಮಾತಾಡಿ ಕೊನೆಗೆ ಎಲ್ಲಿ ಹೋಗಿ ಬಿದ್ದೆ ಎನ್ನುವುದು ಹಾಲು ಹಾಕುವ ರುದ್ರಮ್ಮನಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ಲರಿಗೂ ಗೊತ್ತು. ಅವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಟ್ಟರೆ ಒಂದಿಷ್ಟು ಮಾನವಾದರೂ ಉಳಿದೀತು ಅಂತ ಕೂತಿದ್ದೇನೆ.

ಪದ್ಧತಿ ಇಷ್ಟೇ. ಚೈತ್ರದ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದು ಹೊಡೆಯುತ್ತಿದ್ದಂತೆ ಗಡಿಯಾರದ ಪುಟ್ಟಮಾದಯ್ಯ ಗೋಪುರ ಹತ್ತಿ ದೊಡ್ಡ ಮುಳ್ಳನ್ನು ಒಂದು ಸುತ್ತು ಮುಂದಕ್ಕೆ ತಳ್ಳುತ್ತಾನೆ. ಹನ್ನೆರಡಾಗುತ್ತದೆ. ಸೂರ್ಯ ನೆತ್ತಿಗೆ ಬಂದಿರುತ್ತಾನೆ, ಹೊಟ್ಟೆ ಹಸಿದಿರುತ್ತದೆ, ಒಲೆಯ ಮೇಲಿನ ಬೇಳೆ ಮಾತ್ರ ಬೆಂದಿರುವುದಿಲ್ಲ. ಹಾಗೆ ಹೋದ ಗಂಟೆ ಕಾರ್ತಿಕದ ಮೊದಲ ಭಾನುವಾರ ವಾಪಸ್ಸು ಬರುತ್ತದೆ. ಅವತ್ತು ಹನ್ನೊಂದರಿಂದ ಹನ್ನೆರಡರವರೆಗೆ ನಾವೆಲ್ಲ ಒಂದು ಸಲ ಬದುಕುತ್ತೇವೆ. ಹನ್ನೆರಡಕ್ಕೆ ಪುಟ್ಟಮಾದಯ್ಯ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತಿಯೊಬ್ಬರೂ ಹನ್ನೊಂದಕ್ಕೆ ಎಲ್ಲಿದ್ದರೋ ಅಲ್ಲೇ ಇರುತ್ತಾರೆ. ತಿಂದ ದೋಸೆ ಮತ್ತೆ ಹಿಟ್ಟಾಗಿ ಪಾತ್ರೆಯಲ್ಲಿರುತ್ತದೆ, ಒಡೆದ ಲೋಟ ಕೂಡಿಕೊಂಡಿರುತ್ತದೆ. ನೆನಪೊಂದು ಮಾತ್ರ ಹೋಗುವುದಿಲ್ಲ. ಆಮೇಲೆ ಅದೇ ಗಂಟೆಯನ್ನು ಇನ್ನೊಮ್ಮೆ ಬದುಕಬೇಕು, ಮತ್ತು ಎರಡನೇ ಸಲ ನಡೆದದ್ದೇ ನಡೆದದ್ದು. ನಾವು ಇವುಗಳನ್ನು ಮೊದಲನೇ ಹನ್ನೊಂದು, ಎರಡನೇ ಹನ್ನೊಂದು ಅಂತ ಕರೆಯುತ್ತೇವೆ. ಮೊದಲನೆಯದಕ್ಕೆ ಗೋಪುರದಲ್ಲಿ ಒಂದು ಗಂಟೆ ಬಾರಿಸುತ್ತದೆ, ಎರಡನೆಯದಕ್ಕೆ ಎರಡು.

ಇಂಥದೊಂದು ಸೌಕರ್ಯ ಸಿಕ್ಕರೆ ಮನುಷ್ಯರು ಏನು ಮಾಡುತ್ತಾರೆ ಅಂತ ಹೇಳಬೇಕಿಲ್ಲ. ಮೊದಲನೇ ಹನ್ನೊಂದರಲ್ಲಿ ನಮ್ಮೂರ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೊಸೆಯರು ಅತ್ತೆಯರಿಗೆ ಹೇಳುವುದನ್ನು ಹೇಳುತ್ತಾರೆ. ಪೋಸ್ಟ್‌ಮಾಸ್ಟರ್ ಚಕ್ರಪಾಣಿ ಚೌಕದಲ್ಲಿ ನಿಂತು ಅಂಗಿ ಬಿಚ್ಚಿ ಹಾಡುತ್ತಾರೆ. ಹೆಡ್‌ಮೇಷ್ಟ್ರಿಗೆ ಮಕ್ಕಳು ಮುಖಕ್ಕೆ ಮುಖ ಕೊಟ್ಟು ಏಕವಚನದಲ್ಲಿ ಮಾತಾಡುತ್ತವೆ. ಎರಡು ಗಂಟೆ ಬಾರಿಸಿದ ಕೂಡಲೇ ಎಲ್ಲ ಬಂದ್. ಎಲ್ಲರೂ ತಂತಮ್ಮ ಜಾಗದಲ್ಲಿ ನೆಲ ನೋಡುತ್ತಾ ಕೂತಿರುತ್ತಾರೆ. ಮೊದಲನೆಯದರಲ್ಲಿ ಆಡಿದ್ದನ್ನು ಎರಡನೆಯದರಲ್ಲಾಗಲಿ, ಆಮೇಲಾಗಲಿ ಎತ್ತಬಾರದು ಎನ್ನುವುದು ಊರಿನ ಕಟ್ಟು. ಅದನ್ನು ಮುರಿದವರನ್ನು ಈ ವರ್ಷದವರೆಗೆ ನಾನಂತೂ ಕಂಡಿರಲಿಲ್ಲ.

ಈಗ ನನ್ನ ವಿಷಯ. ನಾನು ಫಣಿರಾಜ. ಫೋಟೋಗಳಿಗೆ ಕಟ್ಟು ಹಾಕುವವನು. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಯಾವುದೇ ಇರಲಿ, ಮರದ ಫ್ರೇಮು ನನ್ನಲ್ಲಿ ಆಗುತ್ತದೆ. ಗಾಜು ಮಾತ್ರ ನನ್ನಲ್ಲಿಲ್ಲ. ಗಾಜು ಬೇಕಾದರೆ ರಸ್ತೆ ದಾಟಿ ನನ್ನ ಅಣ್ಣ ನಾಗಭೂಷಣನ ಅಂಗಡಿಗೆ ಹೋಗಬೇಕು. ಅವನಲ್ಲಿ ಗಾಜಿದೆ, ಫ್ರೇಮಿಲ್ಲ. ಗಿರಾಕಿಗಳು ನನ್ನಿಂದ ಅಳತೆಯ ಚೀಟಿ ತೆಗೆದುಕೊಂಡು ಅವನಲ್ಲಿಗೆ ಹೋಗಿ, ಅವನಿಂದ ಗಾಜು ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಎತ್ತಿನ ಗಾಡಿ ಬಂದರೆ ಗಾಜನ್ನು ಎದೆಗವಚಿಕೊಂಡು ರಸ್ತೆ ಮಧ್ಯೆ ನಿಲ್ಲುತ್ತಾರೆ, ನಮ್ಮಿಬ್ಬರನ್ನೂ ಬೈದುಕೊಳ್ಳುತ್ತಾರೆ. ಅವನು ಕೊಯ್ದ ಗಾಜು ನನ್ನ ಫ್ರೇಮಿನಲ್ಲಿ ಒಂದು ಕೂದಲೆಳೆ ಹೆಚ್ಚುಕಡಿಮೆ ಆದದ್ದು ನನಗೆ ನೆನಪಿಲ್ಲ. ಆ ಚೀಟಿಯೊಂದು ಬಿಟ್ಟರೆ ಒಂಬತ್ತು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ, ಕತೆಯಿರಲಿಲ್ಲ.

ಕಾರಣ ಕೇಳಿದರೆ ನಗುತ್ತೀರಿ, ಅಥವಾ ನನ್ನ ಮುಖಕ್ಕೆ ಉಗಿಯುತ್ತೀರಿ. ನಮ್ಮಪ್ಪ ತೀರಿಕೊಂಡಾಗ ಅಂಗಡಿ ಒಂದೇ ಇತ್ತು. ಹದಿಮೂರನೇ ದಿನಕ್ಕೆ ಅಪ್ಪನ ಫೋಟೋಗೆ ಕಟ್ಟು ಹಾಕಬೇಕಾಯಿತು. ಅಣ್ಣ ಗಾಜು ಕೊಯ್ದ, ನಾನು ತೇಗದ ಫ್ರೇಮು ಮಾಡಿದೆ. ಹಿಂಬದಿಯ ರಟ್ಟಿಗೆ ಕೊನೆಯ ಮೊಳೆ ಹೊಡೆಯುವಾಗ ನನ್ನ ಕೈ ಜೋರಾಯಿತು. ಟಿಕ್ ಅಂತ ಸಣ್ಣ ಸದ್ದು. ತಿರುಗಿಸಿ ನೋಡಿದರೆ ಅಪ್ಪನ ಹಣೆಯಿಂದ ಗಲ್ಲದವರೆಗೆ ಬಿರುಕು. ಮನೆತುಂಬ ನೆಂಟರು, ಎಲೆ ಹಾಕಿಯಾಗಿತ್ತು. ಸೋದರತ್ತೆ ಪದ್ಮಾವತಮ್ಮ ಬಂದು "ಏನೋ ಅದು?" ಅಂದರು. ನನ್ನ ಬಾಯಿಂದ ಬಂದದ್ದು, "ಗಾಜು ಕೊಯ್ದಿರೋದೇ ಸರಿಯಿಲ್ಲ ಅತ್ತೆ."

ಅತ್ತೆಗೆ ಅಷ್ಟು ಸಾಕಿತ್ತು. "ಹೆತ್ತಪ್ಪನ ಫೋಟೋಗೂ ನೆಟ್ಟಗೊಂದು ಗಾಜು ಕೊಯ್ಯಕ್ಕಾಗಲಿಲ್ವೇನೋ ನಾಗಭೂಷಣ? ಹಿರೇಮಗ ಅಂತೆ ಹಿರೇಮಗ! ಮನಸ್ಸಿದ್ದಿದ್ರೆ ತಾನೆ ಕೈ ನಡೆಯೋದು!" ಅಂತ ಪಂಕ್ತಿಗೆಲ್ಲ ಕೇಳುವಂತೆ ಅಂದರು. ಅಣ್ಣ ಫೋಟೋ ಕೈಗೆ ತೆಗೆದುಕೊಂಡು ನೋಡಿದ. ಬಿರುಕು ಮೊಳೆಯ ಬುಡದಿಂದ ಹೊರಟಿತ್ತು. ಗಾಜಿನ ಕೆಲಸದವನಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ. ಆಮೇಲೆ ನನ್ನನ್ನು ನೋಡಿದ. ನಾನು ಹೇಳಲಿ ಅಂತ ಕಾದ. ನಾನು ಎಲೆಗಳಿಗೆ ಉಪ್ಪು ಬಡಿಸಲು ಹೊರಟುಬಿಟ್ಟೆ. ತಿಂಗಳು ಕಳೆಯುವಷ್ಟರಲ್ಲಿ ಅಣ್ಣ ಗಾಜಿನ ಪೆಟ್ಟಿಗೆಗಳನ್ನೆಲ್ಲ ಎತ್ತಿಕೊಂಡು ರಸ್ತೆಯ ಆ ಕಡೆಗೆ ಹೋದ.

ಆ ವರ್ಷದ ಕಾರ್ತಿಕದಲ್ಲಿ, ಮೊದಲನೇ ಹನ್ನೊಂದರಲ್ಲಿ, ನಾನು ರಸ್ತೆ ದಾಟಿದೆ. "ಅಣ್ಣಾ, ಮೊಳೆ ಜೋರಾಗಿ ಹೊಡೆದದ್ದು ನಾನೇ, ಸುಳ್ಳು ಹೇಳಿದೆ" ಅಂದೆ. ಅಣ್ಣ, "ಗೊತ್ತು ಕಣೋ, ಕೂತ್ಕೊ" ಅಂದ. ಅತ್ತಿಗೆ ಮಂದಾಕಿನಿ ಟೀ ತಂದರು, ಅವಲಕ್ಕಿ ತಂದರು. ಮೂವರೂ ಅತ್ತೆವು, ನಕ್ಕೆವು, ಅಪ್ಪನ ಗೊರಕೆಯನ್ನು ಅನುಕರಣೆ ಮಾಡಿದೆವು. ಹನ್ನೆರಡಾಯಿತು, ಎರಡು ಗಂಟೆ ಬಾರಿಸಿತು, ನಾನು ಮತ್ತೆ ನನ್ನ ಅಂಗಡಿಯಲ್ಲಿದ್ದೆ. ಈಗ ಎದ್ದು ಹೋಗಿ ಇನ್ನೊಂದು ಸಲ ಹೇಳಬೇಕು, ಆಗ ಅದು ನಿಜವಾಗುತ್ತದೆ ಅಂತ ಗೊತ್ತಿತ್ತು. ಆದರೆ ಮನಸ್ಸು ಹಗುರವಾಗಿಬಿಟ್ಟಿತ್ತು. ಹೇಳಿಯಾಯಿತಲ್ಲ ಎನ್ನಿಸಿತು. ಎರಡನೇ ಸಲ ಹೇಳಿದರೆ ಅತ್ತೆಗೂ ಗೊತ್ತಾಗಬೇಕು, ನೆಂಟರಿಗೂ ಗೊತ್ತಾಗಬೇಕು. ನಾಳೆ ನೋಡೋಣ ಅಂದುಕೊಂಡು ಒಂದು ವೆಂಕಟರಮಣನ ಪಟದ ಫ್ರೇಮಿಗೆ ಉಪ್ಪುಕಾಗದ ಹಾಕಿ ಉಜ್ಜುತ್ತಾ ಕೂತೆ.

ಹೀಗೆ ಎಂಟು ಕಾರ್ತಿಕ ಕಳೆದವು. ವರ್ಷವೆಲ್ಲ ಕಲ್ಲಿನಂತೆ ಎದುರುಬದುರು ಕೂತು, ವರ್ಷಕ್ಕೊಂದು ಗಂಟೆ ಒಡಹುಟ್ಟಿದವರಾಗಿ ಬಾಳಿದೆವು. ಅತ್ತಿಗೆಯ ಅಡುಗೆಯೂ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಅವಲಕ್ಕಿಯಿಂದ ಒಬ್ಬಟ್ಟಿನವರೆಗೆ ಬಂತು. ತಿಂದ ಒಬ್ಬಟ್ಟು ಹೊಟ್ಟೆಯಲ್ಲಿ ಉಳಿಯುತ್ತಿರಲಿಲ್ಲ ಎನ್ನುವುದೊಂದೇ ಕೊರತೆ. ಕ್ಷಮೆ ಕೇಳುವುದರಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಆರನೇ ವರ್ಷದ ಹೊತ್ತಿಗೆ ಎಲ್ಲಿ ಗಂಟಲು ಬಿಗಿಯಬೇಕು, ಎಲ್ಲಿ ಅಣ್ಣನ ಕೈ ಹಿಡಿಯಬೇಕು ಎಂಬುದೂ ರೂಢಿಯಾಗಿತ್ತು. ನಾನು ಒಳ್ಳೆಯವನು ಅಂತ ನನಗೆ ಪೂರ್ತಿ ನಂಬಿಕೆ ಬಂದಿತ್ತು.

ಈ ವರ್ಷ ಪಂಚಾಯಿತಿಯಲ್ಲಿ ಮಾತು ಎದ್ದಿತು. ಅಧ್ಯಕ್ಷೆ ಯಶೋಧರಮ್ಮ ಗಡಿಯಾರ ತಿರುಗಿಸುವುದನ್ನು ನಿಲ್ಲಿಸೋಣವೇ ಅಂತ ಜನರ ಅಭಿಪ್ರಾಯ ಕೇಳಿದರು. ನಮ್ಮೂರಿನವರಿಗೆ ಅಭಿಪ್ರಾಯ ಕೇಳುವುದೆಂದರೆ ಹಲಸಿನ ಹಣ್ಣು ಒಡೆದು ನೊಣ ಕರೆದ ಹಾಗೆ. ರುದ್ರಮ್ಮ, "ಚೈತ್ರದಲ್ಲಿ ಒಂದು ಗಂಟೆ ಹೋಯ್ತು ಅಂತ ಎಮ್ಮೆಗೆ ಯಾರು ಹೇಳ್ಬೇಕು? ಹದಿನೈದು ದಿನ ನನ್ನ ಕಡೆ ಬೆನ್ನು ಮಾಡ್ಕೊಂಡೇ ನಿಂತಿರ್ತದೆ" ಅಂದಳು. ಹೋಟೆಲಿನ ಗೋವಿಂದಯ್ಯ, ಒಂದೇ ದೋಸೆಯನ್ನು ಎರಡು ಸಲ ಹುಯ್ಯುವುದು ಯಾವ ನ್ಯಾಯ ಅಂತ ಕೇಳಿದ. ಇದರಿಂದ ಬಿಸಿಲು ಉಳಿತಾಯವಾಗುತ್ತದೆ ಅಂತ ಯಾರೋ ಪೇಟೆಯಿಂದ ಬಂದವರು ಹೇಳಿದ್ದಕ್ಕೆ ನಮ್ಮ ಪದ್ಮಾವತತ್ತೆ, "ಉಳಿಸಿದ ಬಿಸಿಲು ಎಲ್ಲಿಟ್ಟಿದ್ದೀರೋ ತೋರಿಸ್ರಪ್ಪ, ನನ್ನ ಹಪ್ಪಳ ಒಣಗಿಸ್ಕೋತೀನಿ" ಅಂದರು.

ನಾನು ಉಳಿಸಬೇಕು ಎನ್ನುವವರ ಪಕ್ಷ. ಪಕ್ಷ ಅಂದರೆ ನಾನು ಮತ್ತು ಪೋಸ್ಟ್‌ಮಾಸ್ಟರ್ ಚಕ್ರಪಾಣಿ. ನಮ್ಮ ಸಂಘಕ್ಕೆ ಮರಳುವ ಗಂಟೆ ಸಂರಕ್ಷಣಾ ಸಮಿತಿ ಅಂತ ಹೆಸರಿಟ್ಟು, ನಾನೇ ಅಧ್ಯಕ್ಷನಾಗಿ, ನಾಲ್ಕು ಕರಪತ್ರ ಬರೆದೆ. ಮೊದಲನೆಯದರಲ್ಲಿ ಪರಂಪರೆ, ಎರಡನೆಯದರಲ್ಲಿ ಆರೋಗ್ಯ, ಮೂರನೆಯದರಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆ. ನಾಲ್ಕನೆಯದರಲ್ಲಿ ಬರೆಯಲು ಏನೂ ಉಳಿಯದೆ ಮೂರನ್ನೂ ಸೇರಿಸಿದೆ. ಅಣ್ಣನ ಹೆಸರು ಎಲ್ಲೂ ಇರಲಿಲ್ಲ. ಚಕ್ರಪಾಣಿಯ ಭಾಷಣದಲ್ಲೂ ಹಾಡಿನ ಸುದ್ದಿ ಬರಲಿಲ್ಲ. ಅವರು ಅಂಚೆಯ ಸುವ್ಯವಸ್ಥೆಯ ಬಗ್ಗೆ ಮಾತಾಡಿದರು. ಎದುರು ಪಕ್ಷದ ಗೋವಿಂದಯ್ಯನ ಸಂಕಟ ದೋಸೆಯದಲ್ಲ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು: ವರ್ಷಕ್ಕೊಮ್ಮೆ ಅವನ ಹೆಂಡತಿ ಗಿರಾಕಿಗಳ ಮುಂದೆ ಅವನ ಗುಣಗಾನ ಮಾಡುತ್ತಿದ್ದಳು. ಊರಿಗೆ ಊರೇ ಒಂದೊಂದು ಸಣ್ಣ ಗುಟ್ಟನ್ನು ಒಂದೊಂದು ದೊಡ್ಡ ಅಭಿಪ್ರಾಯದಲ್ಲಿ ಸುತ್ತಿ ಸಭೆಗೆ ತಂದಿತ್ತು.

ಸಭೆಯಲ್ಲಿ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಎರಡು ಸಲ ನೀರು ಕುಡಿದೆ. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಜಲಜ ಮೂರು ಸಲ ಕೂರಿ ಅಂತ ಸನ್ನೆ ಮಾಡಿದಳು. ಆಮೇಲೆ, ನಿಲ್ಲಿಸಬೇಕು ಎನ್ನುವವರು ಕೈಯೆತ್ತಿ ಅಂದರು ಯಶೋಧರಮ್ಮ. ಕೈಗಳು ಎದ್ದವು. ಅವುಗಳಲ್ಲಿ ನನ್ನ ಅಣ್ಣನ ಕೈಯೂ ಇತ್ತು. ಗಾಜು ಕೊಯ್ದು ಕೊಯ್ದು ಹೆಬ್ಬೆರಳಿನ ಬುಡದಲ್ಲಿ ಗೆರೆ ಬಿದ್ದಿರುವ ಕೈ, ನಾನು ಸಾವಿರ ಕೈಗಳಲ್ಲೂ ಗುರುತು ಹಿಡಿಯುತ್ತೇನೆ. ಅವನು ಅದನ್ನು ನೆಟ್ಟಗೆ ಎತ್ತಿ ಹಿಡಿದಿದ್ದ, ನನ್ನ ಕಡೆ ನೋಡದೆ. ಉಳಿಸಬೇಕು ಅಂತ ಕೈಯೆತ್ತಿದವರು ನಮ್ಮಿಬ್ಬರನ್ನೂ ಸೇರಿಸಿ ಹದಿನೇಳೇ ಮಂದಿ. ಚೈತ್ರದಲ್ಲಿ ಹೋದ ಗಂಟೆ ಊರಿಗೆ ಬರಬೇಕಾದ್ದರಿಂದ ಈ ಕಾರ್ತಿಕದ್ದು ನಡೆಯಲಿ, ಅದೇ ಕೊನೆಯದು ಅಂತ ತೀರ್ಮಾನವಾಯಿತು.

ನನಗೆ ಸೋತದ್ದಕ್ಕಿಂತ ಆ ಕೈ ನೋಡಿ ಹೆಚ್ಚು ನೋವಾಯಿತು. ವರ್ಷಕ್ಕೊಂದು ಗಂಟೆ ಸಿಗುತ್ತಿತ್ತು, ಅದೂ ಇವನಿಗೆ ಬೇಡವಾಯಿತೇ? ಕೊನೆಯ ಮೊದಲನೇ ಹನ್ನೊಂದರಲ್ಲಿ ಇವನನ್ನು ಕೇಳಿಯೇ ಬಿಡುತ್ತೇನೆ, ಆಮೇಲೆ ನಾವಿಬ್ಬರೂ ಸಾಯುವವರೆಗೆ ಎದುರುಬದುರು ಕೂತಿರೋಣ ಅಂತ ತೀರ್ಮಾನಿಸಿದೆ. ಅದು ಬಿಟ್ಟು ಬೇರೆ ದಿನ, ಬೇರೆ ಹೊತ್ತಿನಲ್ಲಿ ರಸ್ತೆ ದಾಟಬಹುದು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ರಸ್ತೆಯ ಅಗಲ ಹದಿನೆಂಟು ಅಡಿ.

ಆ ಭಾನುವಾರದ ಹಿಂದಿನ ಮೂರು ದಿನ ನನಗೆ ಸರಿಯಾಗಿ ನಿದ್ದೆಯಿಲ್ಲ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಬೆಳಿಗ್ಗೆ ಜಲಜ ಉಪ್ಪಿಟ್ಟು ಮಾಡಿದ್ದಳು. ದುಃಖಕ್ಕೆ ಎರಡು ತಟ್ಟೆ ತಿಂದೆ. ಹತ್ತೂಮುಕ್ಕಾಲಿಗೆ ಅಂಗಡಿಯ ಕುರ್ಚಿಯಲ್ಲಿ ಕೂತು, ಗೋಪುರದ ಗಂಟೆ ಬಾರಿಸುವುದನ್ನೇ ಕಾಯುತ್ತಾ, ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಗೋಪುರದ ಗಡಿಯಾರದಲ್ಲಿ ಹನ್ನೊಂದೂ ಹನ್ನೆರಡು ನಿಮಿಷ. ಅಯ್ಯೋ, ಹನ್ನೆರಡು ನಿಮಿಷ ಹೋಯಿತಲ್ಲ ಅಂತ ಎದ್ದೆ. ಒಳಗಿನಿಂದ ಜಲಜ, "ರೀ, ಎಲ್ಲಿಗೆ ಹೊರಟ್ರಿ?" ಅಂದಳು.

"ಅಣ್ಣನ ಅಂಗಡಿಗೆ."

ಅವಳು ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಈಗಲಾ?"

"ಮತ್ತಿನ್ಯಾವಾಗ?" ಅಂದೆ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಹೊರಟವಳು ಬಾಯಿ ಮುಚ್ಚಿದಳು. "ಹೋಗ್ಬನ್ನಿ" ಅಂದಳು. ಅವಳ ದನಿ ಯಾಕೆ ಹಾಗಿತ್ತು ಅಂತ ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ.

ಬೀದಿ ಗಪ್‌ಚಿಪ್. ಹಾಡಿಲ್ಲ, ಬೈಗುಳವಿಲ್ಲ. ಜನ ಜಗಲಿಗಳ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಚಕ್ರಪಾಣಿ ಅಂಚೆ ಕಚೇರಿಯ ಮೆಟ್ಟಿಲಲ್ಲಿ ಕೂತಿದ್ದರು. ಬುದ್ಧಿಯಿದ್ದವನಾದರೆ ಅಲ್ಲೇ ನಿಂತು ಯೋಚಿಸುತ್ತಿದ್ದ. ನಾನು ಅಂದುಕೊಂಡದ್ದೇನು ಗೊತ್ತೇ? ನನ್ನ ನಾಲ್ಕನೇ ಕರಪತ್ರ ಕೆಲಸ ಮಾಡಿದೆ, ಕಳೆದುಕೊಳ್ಳುತ್ತಿರುವುದರ ಬೆಲೆ ಈಗ ಇವರಿಗೆ ತಿಳಿದಿದೆ, ಪಾಪ ದುಃಖದಲ್ಲಿದ್ದಾರೆ ಅಂತ. ಹೋಗುತ್ತಾ ಚಕ್ರಪಾಣಿಗೆ, "ನಿಮ್ಮ ಹಾಡು ಕೇಳಕ್ಕಾಗಲ್ಲ ಸ್ವಾಮಿ, ಆದ್ರೂ ಇವತ್ತು ಹಾಡಬಹುದಿತ್ತು" ಅಂದೆ. ಅವರು ಬಾಯಿ ತೆರೆದವರು ತೆರೆದೇ ಇದ್ದರು.

ಅಣ್ಣ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಹಿಂದೆ ಸರಿದ, ಗೋಡೆಗೆ ಕೈ ಊರಿದ. ಹಿಂದಿನ ವರ್ಷಗಳಲ್ಲಿ ನಗುತ್ತಾ ಕರೆಯುತ್ತಿದ್ದವನು ಈಗ ದೆವ್ವ ಕಂಡವನಂತೆ ನೋಡುತ್ತಿದ್ದಾನೆ ಎನ್ನಿಸಿ ನನಗೆ ಇನ್ನೂ ಸಿಟ್ಟು ಬಂತು.

"ಯಾಕಣ್ಣಾ ಕೈಯೆತ್ತಿದೆ?" ಅಂದೆ, ಬೀದಿಯಲ್ಲೇ ನಿಂತು. "ವರ್ಷಕ್ಕೊಂದು ಗಂಟೆ. ಅದೊಂದೇ ಇದ್ದಿದ್ದು ನಮಗೆ. ಅದೂ ನಿನಗೆ ಭಾರವಾಯ್ತಾ?"

ಅಣ್ಣ ಗೋಪುರದ ಕಡೆ ಒಮ್ಮೆ ನೋಡಿದ. "ಹೌದು ಕಣೋ, ಭಾರವಾಯ್ತು" ಅಂದ. "ನೀನು ಬರ್ತಿದ್ದೆ, ಅಳ್ತಿದ್ದೆ, ಒಬ್ಬಟ್ಟು ತಿಂತಿದ್ದೆ. ಆಮೇಲೆ ಎದುರಿಗೇ ಕೂತು ವರ್ಷವೆಲ್ಲ ಪರಿಚಯ ಇಲ್ಲದೋನ ಥರ ನೋಡ್ತಿದ್ದೆ. ನಿನಗೆ ಹಗುರ ಆಗ್ತಿತ್ತು. ನನಗೆ ಪ್ರತಿ ವರ್ಷ ಆ ಹದಿಮೂರನೇ ದಿನ ಮತ್ತೆ ಆಗ್ತಿತ್ತು."

ಪಳಗಿದ ಭಾಷಣವೆಲ್ಲ ನನ್ನ ಬಾಯಲ್ಲೇ ಒಣಗಿತು. ಎಂಟು ವರ್ಷ ಅವನು ಇದನ್ನು ಹೇಳಿರಲಿಲ್ಲ; ಎಂಟು ವರ್ಷ ನಾನು ಕೇಳಿಯೂ ಇರಲಿಲ್ಲ. ಎಲ್ಲಿ ಗಂಟಲು ಬಿಗಿಯಬೇಕಿತ್ತೋ ಅಲ್ಲಿ ಬಿಗಿಯಲಿಲ್ಲ, ಬೇರೆಲ್ಲೋ ಬಿಗಿಯಿತು. "ಮೊಳೆ ಹೊಡೆದದ್ದು ನಾನು" ಅಂದೆ. "ನಿನ್ನ ಗಾಜಲ್ಲಿ ಏನೂ ತಪ್ಪಿರಲಿಲ್ಲ. ಅಪ್ಪನ ಫೋಟೋ ಒಡೆದು, ನಿನ್ನ ತಲೆಗೆ ಕಟ್ಟಿದೆ. ನೀನು ನನ್ನ ಮುಖ ನೋಡಿದಾಗ ಉಪ್ಪಿನ ಬಟ್ಟಲು ಹಿಡ್ಕೊಂಡು ಓಡಿದೆ."

"ಏನಂದೆ? ಇನ್ನೊಂದ್ಸಲ ಅನ್ನು."

ತಿರುಗಿ ನೋಡಿದರೆ ಪದ್ಮಾವತತ್ತೆ. ಪಕ್ಕದ ಜಗಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದವರು, ಹೂವಿನ ದಾರ ಕೈಯಲ್ಲೇ ಸುತ್ತಿಕೊಂಡು ಎದ್ದು ಬಂದಿದ್ದರು. ಅವರ ಹಿಂದೆ ರುದ್ರಮ್ಮ, ಗೋವಿಂದಯ್ಯ, ಇನ್ನೂ ನಾಲ್ಕಾರು ಮಂದಿ. ಬೇರೆ ದಿನವಾಗಿದ್ದರೆ ನನ್ನ ನಾಲಿಗೆ ಹೊಟ್ಟೆಗಿಳಿಯುತ್ತಿತ್ತು. ಆದರೆ ಹನ್ನೆರಡಕ್ಕೆ ಎಲ್ಲ ಅಳಿಸಿಹೋಗುತ್ತದೆಂದು ನಂಬಿದವನಿಗೆ ಯಾರ ಹೆದರಿಕೆ? ದನಿ ಎತ್ತರಿಸಿದೆ.

"ಹೇಳ್ತೀನಿ, ಕೇಳಿ ಅತ್ತೆ. ಗಾಜು ಒಡೆದೋನು ನಾನು. ಸುಳ್ಳು ಹೇಳಿದೋನು ನಾನು. ನೀವು ಹಿಂದೆಮುಂದೆ ನೋಡ್ದೆ ಪಂಕ್ತಿಯಲ್ಲಿ ನನ್ನಣ್ಣನ ಮಾನ ತೆಗೆದ್ರಿ, ನಾನು ತೆಗೆಯಕ್ಕೆ ಬಿಟ್ಟೆ. ಇಡೀ ಊರಲ್ಲಿ ಗಾಜಿನ ಕೆಲಸ ಬಲ್ಲವನು ಇವನೊಬ್ಬನೇ. ಇನ್ನೊಂದು ಮಾತು, ನಿಮ್ಮ ಕೋಡುಬಳೆ ಕಲ್ಲಿಗಿಂತ ಗಟ್ಟಿ. ಮೂವತ್ತು ವರ್ಷದಿಂದ ಯಾರೂ ಹೇಳಿಲ್ಲ."

ಅತ್ತೆ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಗೋವಿಂದಯ್ಯ ಕೆಮ್ಮಿದ. ರುದ್ರಮ್ಮ ಏನೋ ಹೇಳಲು ಬಾಯಿ ತೆರೆದಳು, ಅಣ್ಣ ಅವಳ ಕಡೆ ಕೈ ಮಾಡಿ ತಡೆದ. "ಒಳಗೆ ಬಾರೋ" ಅಂತ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಒಳಗೆ ಅತ್ತಿಗೆ ಈ ಸಲ ಏನೂ ಮಾಡಿರಲಿಲ್ಲ. ಒಲೆ ಆರಿತ್ತು. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಡಬಡಿಸಿ ಒಲೆ ಹಚ್ಚಿದರು. ಮನೆಯಲ್ಲಿ ಇದ್ದದ್ದು ಬೆಳಗಿನ ಅನ್ನ. ಅದಕ್ಕೇ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿ ತಂದರು. ಒಗ್ಗರಣೆ ಸ್ವಲ್ಪ ಸೀದಿತ್ತು. ಒಬ್ಬಟ್ಟಿನ ಆಸೆಯಲ್ಲಿ ಬಂದವನಿಗೆ ಇದೇನು ಎನ್ನಿಸಿದ್ದು ನಿಜ, ಆದರೂ ಉಪ್ಪಿಟ್ಟಿನ ಮೇಲೆ ಇದನ್ನೂ ತಿಂದೆ. ಅಣ್ಣ ನನ್ನ ಮಗಳ ಓದು ಹೇಗಿದೆ ಅಂತ ಕೇಳಿದ. ನನ್ನ ಮಂಡಿನೋವು ಕೇಳಿದ. ಹಿಂದಿನ ವರ್ಷಗಳಲ್ಲಿ ನಾವು ಇಂಥ ಮಾತು ಆಡುತ್ತಲೇ ಇರಲಿಲ್ಲ. ಅಳುವುದರಲ್ಲೇ ಹೊತ್ತು ಹೋಗುತ್ತಿತ್ತು. ಮಂಡಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಅವನು ಹೇಳುತ್ತಿದ್ದ, ನಾನು ಮನಸ್ಸಿಟ್ಟು ಕೇಳುತ್ತಿದ್ದೆ, ಇದೇ ಕೊನೆ ಅಂತ ನೆನೆಯುತ್ತಾ.

ಹನ್ನೆರಡಕ್ಕೆ ಎರಡು ನಿಮಿಷವಿತ್ತು. ಅಂಗಡಿಯ ಬಾಗಿಲಿನಿಂದ ಗೋಪುರ ಕಾಣುತ್ತದೆ. ನಾನು ಎದ್ದು ಅಂಗಿ ಸರಿಮಾಡಿಕೊಂಡೆ. "ಸರಿ ಅಣ್ಣಾ, ಇಷ್ಟೇ ಋಣ" ಅಂದೆ. ಅಣ್ಣ ತಲೆ ತಗ್ಗಿಸಿದ. ಅತ್ತಿಗೆ ಲೋಟ ತೊಳೆಯುವ ನೆಪದಲ್ಲಿ ಅತ್ತ ತಿರುಗಿದರು. ಹನ್ನೆರಡಾಯಿತು. ನಾನು ಕಣ್ಣು ಮುಚ್ಚಿ, ನನ್ನ ಅಂಗಡಿಯ ಕುರ್ಚಿಗೆ ಹೋಗಿ ಬೀಳಲು ಸಿದ್ಧನಾಗಿ ನಿಂತೆ.

ನಿಂತೇ ಇದ್ದೆ. ಹನ್ನೆರಡು ಸಲ ಬಾರಿಸಿ ಗಡಿಯಾರ ಸುಮ್ಮನಾಯಿತು. ಒಂದು ಕಣ್ಣು ಬಿಟ್ಟು ನೋಡಿದೆ. ಗಾಜಿನ ಹಲಗೆಗಳು, ಅತ್ತಿಗೆ, ಅಣ್ಣ. ಗೋಪುರದಲ್ಲಿ ಹನ್ನೆರಡೂ ಒಂದು ನಿಮಿಷ. ಪುಟ್ಟಮಾದಯ್ಯ ಮೆಟ್ಟಿಲು ಇಳಿದು, ಬಾಗಿಲಿಗೆ ಬೀಗ ಹಾಕಿ, ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಮನೆಯ ಕಡೆ ಹೊರಟಿದ್ದ.

"ಅಣ್ಣಾ," ಅಂದೆ, "ಮುಳ್ಳು ಹಿಂದಕ್ಕೆ ಹೋಗ್ಲಿಲ್ಲ."

"ಆಗ್ಲೇ ಹೋಗಿತ್ತು."

"ಯಾವಾಗ?"

"ನೀನು ಬರೋಕ್ಕೆ ಹತ್ತು ಹದಿನೈದು ನಿಮಿಷ ಮುಂಚೆ. ನಿದ್ದೆ ಮಾಡ್ತಿದ್ದೆ ಅನ್ಸತ್ತೆ."

ಮೊದಲನೇ ಹನ್ನೊಂದನ್ನು ನಾನು ಪೂರ್ತಿ ಗೊರಕೆ ಹೊಡೆದು ಕಳೆದಿದ್ದೆ. ಮುಳ್ಳು ಹಿಂದಕ್ಕೆ ಹೋದಾಗಲೂ ಅದೇ ಕುರ್ಚಿಯಲ್ಲಿ, ಅದೇ ಗೊರಕೆಯಲ್ಲಿದ್ದೆ. ಜಗಲಿಗಳ ಮೌನ, ಜಲಜಳ ಆ ಮುಖ, ಚಕ್ರಪಾಣಿಯ ತೆರೆದ ಬಾಯಿ, ಎಲ್ಲ ಒಂದೊಂದಾಗಿ ಅರ್ಥವಾಗುತ್ತಾ ಬಂತು. ಕೋಡುಬಳೆಯೂ ನೆನಪಾಯಿತು. ಬಾಗಿಲಾಚೆ ಪದ್ಮಾವತತ್ತೆ ಇಡೀ ಬೀದಿಗೆ ಹೇಳುತ್ತಿದ್ದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು: "ಗಾಜು ಒಡೆದೋನು ಇವನಂತೆ ಕಣ್ರೇ! ಪಾಪದ ಮುಂಡೇದು, ಆ ನಾಗಭೂಷಣನ್ನ ಸುಮ್ನೆ ಅಂದ್ಬಿಟ್ನಲ್ಲೇ ನಾನು!"

"ಇವತ್ತು ಇವರು ಮೊದಲನೇ ಹನ್ನೊಂದು ಪೂರ್ತಿ ಬಾಗಿಲಲ್ಲೇ ನಿಂತಿದ್ರು," ಅಂದರು ಅತ್ತಿಗೆ, ನನ್ನ ಕಡೆ ತಿರುಗದೆ. "ಒಬ್ಬಟ್ಟು ಮಾಡಿಟ್ಟಿದ್ದೆ. ನೀವು ಬರ್ಲಿಲ್ಲ. ಗಂಟೆ ಹಿಂದಕ್ಕೆ ಹೋದ್ಮೇಲೆ ಹೂರಣ ಮತ್ತೆ ಬೇಳೆಯಾಗಿತ್ತು. ಇನ್ನು ಯಾರಿಗೆ ಅಂತ ಒಲೆ ಆರಿಸ್ಬಿಟ್ಟೆ."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಪೆಚ್ಚಾದವನಿಗೆ ಸಿಟ್ಟು ಬೇಗ ಬರುತ್ತದೆ. "ನಿನಗೆ ಗೊತ್ತಿತ್ತು!" ಅಂದೆ ಅಣ್ಣನಿಗೆ. "ನಾನು ಬೀದಿಯಲ್ಲಿ ನಿಂತು ಬಾಯಿ ತೆರೆದಾಗ್ಲೇ ಗೊತ್ತಿತ್ತು. ಇದು ಎರಡನೇದು ಕಣೋ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

ಅಣ್ಣ ನನ್ನನ್ನು ನೋಡಿದ. ಒಂಬತ್ತು ವರ್ಷದ ಹಿಂದೆ, ಒಡೆದ ಫೋಟೋ ಕೈಯಲ್ಲಿ ಹಿಡಿದು ನೋಡಿದ ಹಾಗೇ ನೋಡಿದ. ಈ ಸಲ ನನಗೆ ಓಡಲು ದಾರಿಯಿರಲಿಲ್ಲ.

"ಹೇಳಿದ್ರೆ ನೀನು ವಾಪಸ್ ಹೋಗ್ಬಿಡ್ತಿದ್ದೆ," ಅಂದ.

ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಹೋಗುತ್ತಿದ್ದೆ ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಟ್ಟೆಯ ಮುಂದೆ ಮತ್ತೆ ಕೂತೆ. ಅಣ್ಣ ಎದ್ದು, ನಾನು ಬಿಟ್ಟ ತಟ್ಟೆಗೆ ಬಾಣಲೆಯಲ್ಲಿ ಉಳಿದಿದ್ದ ಅನ್ನವನ್ನೂ ಬಳಿದು ಹಾಕಿದ.